ಗಲ್ಲಿ ತುದಿಯ ವಿಸ್ಕಿ-ಸಿಗಾರ್ ಬಾರ್‌ಗೆ ಊಟಕ್ಕೆ ಹೋಗಿದ್ದೀರಾ? (ಮುಂಬೈ)

ಮುಲುಂಡಿನವ

ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಹಳೇ ಪರ್ಮಿಟ್ ರೂಮ್, ಅಂದರೆ ಬಾರ್ ಇತ್ತು. ಮುಂಬೈ ಕನ್ನಡಿಗರಿಗೆ ಜಾಸ್ತಿ ವಿವರಿಸಬೇಕಿಲ್ಲ. ಕಪ್ಪು ಗಾಜಿನ ಬಾಗಿಲು, ರೆಕ್ಸಿನ್ ಸೀಟು, ಗಲ್ಲಾದ ಮೇಲೆ ದೇವರ ಫೋಟೋ, ಒಳಗಿಂದ ಬರುವ ಬಂಗುಡೆ ಫ್ರೈ ಘಮ. ಕುಂದಾಪುರ ಕಡೆಯವರು ನಡೆಸುತ್ತಿದ್ದರು. ಈಗ ಅವರ ಮಗ ನೋಡಿಕೊಳ್ಳುತ್ತಿದ್ದಾರೆ. ಸೀಟು, ದೀಪ, ಬೋರ್ಡು ಎಲ್ಲ ಹೊಸದು. ಹಿಂದೆ ಸಾಮಾನು ತುಂಬಿಡುತ್ತಿದ್ದ ಕೋಣೆ ಸಿಗಾರ್ ರೂಮ್ ಆಗಿದೆ. ಗೋಡೆ ತುಂಬ ವಿಸ್ಕಿ ಬಾಟಲಿ. ಅಡುಗೆಮನೆ ಮಾತ್ರ ಮೊದಲಿನದೇ. ಅಡುಗೆಯವರೂ ಅವರೇ.

ಮೊನ್ನೆ ಅಕ್ಕ, ಭಾವ ಧಾರವಾಡದಿಂದ ಬಂದಿದ್ದರು. ಭಾವನಿಗೆ ವಿಸ್ಕಿ ಇಷ್ಟ. ಅಪರೂಪಕ್ಕೆ ಸಿಗಾರ್ ಕೂಡ ಸೇದುತ್ತಾರೆ. ಅಕ್ಕ ಕುಡಿಯುವುದಿಲ್ಲ, ಮೀನು ಮಾಂಸ ಮುಟ್ಟುವುದಿಲ್ಲ. ನನ್ನ ಹೆಂಡತಿಗೆ ಹೊಗೆ ವಾಸನೆ ಬಂದರೆ ತಲೆನೋವು. ಇಂಥ ನಾಲ್ಕು ಜನ ಒಂದೇ ಟೇಬಲ್‌ನಲ್ಲಿ ಖುಷಿಯಾಗಿ ಕೂರೋಕೆ ಆಗುತ್ತಾ ಅನ್ನುವ ಅನುಮಾನ ಇಟ್ಟುಕೊಂಡೇ ಹೋದೆವು. ಆಯಿತು. ಯಾಕೆ ಆಯಿತು ಅಂತ ಬರೆಯಬೇಕು ಅನಿಸಿತು.

ಮೊದಲು ಬಂದದ್ದು ಬೇಯಿಸಿದ ಶೇಂಗಾ. ಅದರ ಮೇಲೆ ಈರುಳ್ಳಿ, ಹಸಿಮೆಣಸು, ನಿಂಬೆ. ಆಮೇಲೆ ಬಂಗುಡೆ ತವಾ ಫ್ರೈ, ಚಿಕನ್ ಘೀ ರೋಸ್ಟ್, ನೀರ್ ದೋಸೆ. ಅಕ್ಕನಿಗೆ ಅಣಬೆ ಘೀ ರೋಸ್ಟ್ ಮತ್ತು ಕಡ್ಲೆ ಮನೋಳಿ, ಅಂದರೆ ಕಡಲೆ-ತೊಂಡೆಕಾಯಿ ಪಲ್ಯ. ಸಸ್ಯಾಹಾರಿ ಅಂದ ಕೂಡಲೇ ಪನೀರ್ ಟಿಕ್ಕಾ ತಂದಿಡುವ ಜಾಗಗಳಲ್ಲಿ ಅಕ್ಕ ಎಷ್ಟೋ ಸಲ ಸುಮ್ನೆ ಕೂತು ಎದ್ದು ಬಂದಿದ್ದಾರೆ. ಇಲ್ಲಿ ತೊಂಡೆಕಾಯಿ ಇನ್ನೊಮ್ಮೆ ಕೇಳಿ ಹಾಕಿಸಿಕೊಂಡರು. ಕುಡಿಯಲು ಅಕ್ಕನಿಗೂ ನನ್ನ ಹೆಂಡತಿಗೂ ಸೋಲ್‌ಕಢಿ. ಪುನರ್ಪುಳಿ ತಾಜಾ ಇತ್ತು, ತೆಂಗಿನ ಹಾಲು ಡಬ್ಬಿಯದಲ್ಲ.

ಭಾವ ಅಮೃತ್ ಫ್ಯೂಷನ್ ತೆಗೆದುಕೊಂಡರು. ಸ್ಕಾಟ್ಲೆಂಡಿನ ಬಾಟಲಿಗಳ ನಡುವೆ ಬೆಂಗಳೂರಿನ ಬಾಟಲಿ ನಿಂತಿರುವುದು ನೋಡಿದರೆ ನನಗೆ ಈಗಲೂ ಎದೆ ತುಂಬುತ್ತದೆ. 1948ರಲ್ಲಿ ಶುರುವಾದ ಕಂಪನಿ. 2004ರಲ್ಲಿ ತಮ್ಮ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬರಿಸಿದ ಜವೆಗೋಧಿಯಿಂದ ಮಾಡಿದ ವಿಸ್ಕಿ) ಅನ್ನು ನೇರವಾಗಿ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿದರು. ವಿಸ್ಕಿಯ ಊರಿಗೇ ಹೋಗಿ ನಮ್ಮದನ್ನು ಕುಡಿದು ನೋಡಿ ಅನ್ನೋಕೆ ಧೈರ್ಯ ಬೇಕು. ಇಲ್ಲಿಯ ಜವೆಗೋಧಿ ಮತ್ತು ಸ್ಕಾಟ್ಲೆಂಡಿನ ಪೀಟ್ (ಜೌಗು ನೆಲದಲ್ಲಿ ಗಿಡ ಕೊಳೆತು ಆದ ಮಣ್ಣು) ಹೊಗೆಯಲ್ಲಿ ಒಣಗಿಸಿದ ಜವೆಗೋಧಿ ಎರಡನ್ನೂ ಸೇರಿಸಿ ಮಾಡಿದ್ದಕ್ಕೆ ಅದಕ್ಕೆ ಫ್ಯೂಷನ್ ಅನ್ನುವ ಹೆಸರು. ವಿಸ್ಕಿ ವಿಮರ್ಶಕ ಜಿಮ್ ಮರ್ರೆ ಅವರ 2010ರ ವಿಸ್ಕಿ ಕೈಪಿಡಿ ಅದಕ್ಕೆ ಲೋಕದಲ್ಲೇ ಮೂರನೇ ಸ್ಥಾನ ಕೊಟ್ಟಿತ್ತು.

ನಾನು ಪಾಲ್ ಜಾನ್ ಬೋಲ್ಡ್ ತೆಗೆದುಕೊಂಡೆ. ಗೋವಾದಲ್ಲಿ ತಯಾರಾಗುವುದು, ಹೊಗೆ ರುಚಿ ಗಟ್ಟಿಯಾಗಿರುವುದು. ಬಂಗುಡೆ ಎಣ್ಣೆ ಮೀನು. ಅದರ ಸುಟ್ಟ ಅಂಚು ಒಂದು ತುಂಡು ಬಾಯಿಗೆ ಹಾಕಿ, ಆಮೇಲೆ ಒಂದು ಗುಟುಕು. ಮೀನಿನ ಎಣ್ಣೆ ವಿಸ್ಕಿಯ ಚುರುಕನ್ನು ತಗ್ಗಿಸಿತು, ವಿಸ್ಕಿಯ ಹೊಗೆ ಮೀನಿನ ಹಸಿ ವಾಸನೆಯನ್ನು ಮುಚ್ಚಿತು. ಈ ಜೋಡಿ ಮಾಲೀಕರೇ ಹೇಳಿದ್ದು.

ನನ್ನ ಅಭಿಪ್ರಾಯ ಇಷ್ಟೇ. ಇಂಥ ಜಾಗವನ್ನು ಬಾಟಲಿ ಎಣಿಸಿ ಅಳೆಯಬೇಡಿ. ದುಡ್ಡು, ಲೈಸೆನ್ಸ್ ಇದ್ದರೆ ಬಾಟಲಿ ಯಾರು ಬೇಕಾದರೂ ತಂದಿಡಬಹುದು, ಅದರ ರುಚಿ ಎಲ್ಲಿ ಹೋದರೂ ಅದೇ. ತಾಜಾ ಮೀನು ಹಾಗಲ್ಲ. ಬೆಳಿಗ್ಗೆ ಎದ್ದು ಹೋಗಿ ತರಬೇಕು, ಸರಿಯಾಗಿ ಶುಚಿ ಮಾಡಬೇಕು, ಕೇಳಿದಾಗಲೇ ತವಾಗೆ ಹಾಕಬೇಕು. ಅಷ್ಟು ಕಾಳಜಿ ಇರುವವರು ಸಿಗಾರ್ ಪೆಟ್ಟಿಗೆಯನ್ನೂ ಹಾಗೇ ನೋಡಿಕೊಳ್ಳುತ್ತಾರೆ.

ನಿಮ್ಮ ಏರಿಯಾದಲ್ಲಿ ಇಂಥದ್ದು ಇದೆಯಾ? ಊಟ ಹೇಗಿದೆ?

ಚೆಂಬೂರು ಹುಡುಗ

ಅಣ್ಣಾ, ಓದಿ ಹಸಿವಾಯಿತು. ಎರಡು ಪ್ರಶ್ನೆ. ಪರ್ಮಿಟ್ ಕೇಳಿದರಾ? ನನಗೆ ಈಗ 23, ನಾನು ಬರಬಹುದಾ?

ಕಾರ್ಕಳ ಕೌಂಟರ್

ನಾನು ಮುಂಬೈ ಬಾರ್‌ಗಳಲ್ಲೇ ಕೆಲಸ ಮಾಡಿ ಬೆಳೆದವನು. ಇದಕ್ಕೆ ನಾನು ಉತ್ತರ ಕೊಡುತ್ತೇನೆ.

ತಮ್ಮಾ, ಮಹಾರಾಷ್ಟ್ರದಲ್ಲಿ ಬಿಯರ್, ವೈನ್‌ಗೆ 21 ವರ್ಷ, ವಿಸ್ಕಿ, ರಮ್ಮಿನಂಥದಕ್ಕೆ 25. ನೀನು ಬಂದು ಘೀ ರೋಸ್ಟ್ ತಿಂದು ಬಿಯರ್ ಕುಡಿಯಬಹುದು. ವಿಸ್ಕಿ ಕೇಳಬೇಡ. ಕೊಟ್ಟರೆ ಲೈಸೆನ್ಸ್‌ಗೆ ತೊಂದರೆ ನಮಗೆ.

ಪರ್ಮಿಟ್ ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. 1949ರ ಬಾಂಬೆ ಪಾನನಿರೋಧ ಕಾಯ್ದೆ ಈಗಲೂ ಜಾರಿಯಲ್ಲಿದೆ, ಹೆಸರು ಮಾತ್ರ ಮಹಾರಾಷ್ಟ್ರ ಅಂತ ಬದಲಾಗಿದೆ. ಕಾಗದದ ಪ್ರಕಾರ ಕುಡಿಯುವವರೆಲ್ಲರಿಗೂ ಪರ್ಮಿಟ್ ಬೇಕು. ಬಾರ್‌ಗೆ ಪರ್ಮಿಟ್ ರೂಮ್ ಅನ್ನುವುದು ಅದಕ್ಕೇ. ಒಂದು ದಿನದ್ದಕ್ಕೆ 5 ರೂಪಾಯಿ, ಒಂದು ವರ್ಷಕ್ಕೆ 100, ಜೀವನ ಪೂರ್ತಿಗೆ 1,000. ಜೀವನ ಪೂರ್ತಿಯದನ್ನು ಮಾಡಿಸಿಟ್ಟುಕೊಳ್ಳಿ. ಮನೆಗೆ ಬಾಟಲಿ ಕೊಂಡೊಯ್ಯುವಾಗಲೂ ಉಪಯೋಗಕ್ಕೆ ಬರುತ್ತದೆ.

ಮುಲುಂಡಿನವರೇ, ಅಡುಗೆಮನೆ ಬಗ್ಗೆ ನೀವು ಬರೆದದ್ದು ಓದಿ ತುಂಬ ಸಂತೋಷ ಆಯಿತು. ನಮ್ಮ ಊರಿನ ಅಡುಗೆಯವರು ಒಳಗೆ ಬೆಂಕಿ ಮುಂದೆ ನಿಂತಿರುತ್ತಾರೆ. ಅವರ ಹೆಸರು ಯಾರೂ ಕೇಳುವುದಿಲ್ಲ.

ಡೊಂಬಿವಲಿ ದಂತವೈದ್ಯೆ

ಊಟದ ಭಾಗ ಚೆನ್ನಾಗಿದೆ. ಸಿಗಾರ್ ಬಗ್ಗೆ ನಾನು ಸುಮ್ಮನಿರಲು ಆಗುವುದಿಲ್ಲ.

ಸಿಗಾರ್ ಹೊಗೆಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ, ಹಾಗಾಗಿ ಅಪಾಯ ಇಲ್ಲ ಅಂತ ತುಂಬ ಜನ ನಂಬಿದ್ದಾರೆ. ಅದು ತಪ್ಪು. ಸಿಗಾರ್ ಹೊಗೆ ಕ್ಷಾರೀಯ. ಬಾಯಿಯ ಒಳಪದರದಿಂದಲೇ ನಿಕೋಟಿನ್ ರಕ್ತಕ್ಕೆ ಸೇರುತ್ತದೆ. ಸಿಗರೇಟ್ ಹೊಗೆ ಅಷ್ಟು ಕ್ಷಾರೀಯ ಅಲ್ಲ, ಅದಕ್ಕೇ ಅದನ್ನು ಶ್ವಾಸಕೋಶಕ್ಕೆ ಎಳೆಯುತ್ತಾರೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ ಎಲ್ಲಕ್ಕೂ ಕ್ಯಾನ್ಸರ್ ಅಪಾಯ ಇದೆ. ಮದ್ಯ ಜೊತೆಗಿದ್ದರೆ ಅಪಾಯ ಇನ್ನೂ ಹೆಚ್ಚು. ನನ್ನ ಕುರ್ಚಿಯಲ್ಲಿ ಬಂದು ಕೂತವರ ಬಾಯಿಯಲ್ಲಿ ಬಿಳಿ ಮಚ್ಚೆ ನೋಡಿ, ಅವರಿಗೆ ಬಯಾಪ್ಸಿ ಮಾಡಿಸಿ ಅಂತ ಹೇಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಭಾವನವರಿಗೆ ಹೇಳಿ, ಬಾಯಲ್ಲಿ ವಾಸಿಯಾಗದ ಹುಣ್ಣು ಎರಡು ವಾರ ಮೀರಿದರೆ ತೋರಿಸಿಕೊಳ್ಳಲಿ.

ಮುಲುಂಡಿನವ

ಡಾಕ್ಟ್ರೇ, ಧನ್ಯವಾದ. ನಿಮ್ಮ ಮಾತನ್ನು ಹಾಗೇ ಭಾವನಿಗೆ ಕಳಿಸಿದ್ದೇನೆ. ಅಕ್ಕ ಮೊದಲು ಓದಿದರು. ಅವರಿಬ್ಬರ ನಡುವೆ ಅದರ ಮಾತುಕತೆ ನಡೆಯುತ್ತಿದೆ.

ನಾನು ಸಿಗಾರ್ ಸೇದುವುದಿಲ್ಲ. ಸಿಗಾರ್ ಕೋಣೆ ಸರಿಯಾಗಿ ಬೇರೆ ಇರುವುದರಿಂದಲೇ ಹೆಂಡತಿ ಜೊತೆ ಅಲ್ಲಿಗೆ ಹೋಗಲು ಸಾಧ್ಯವಾಯಿತು. ಊಟದ ಹಾಲ್‌ನಲ್ಲಿ ಒಂದು ಚೂರೂ ಹೊಗೆ ಇರಲಿಲ್ಲ.

ವಾಶಿಯವಳು

ಹೊಗೆ ಇರಲಿಲ್ಲ ಅಂದರೆ ಹೇಗೆ? ಸಿಗಾರ್ ಬಾರ್ ಅಂತೀರಿ. ನಾನು ಗೆಳತಿಯರ ಜೊತೆ ಇಂಥ ಒಂದು ಕಡೆ ಹೋಗಿದ್ದೆ, ಹೆಸರು ಬೇಡ. ಊಟ ಮಾಡುವಾಗ ಪಕ್ಕದ ಟೇಬಲ್‌ನಿಂದ ಹೊಗೆ ನೇರ ತಟ್ಟೆ ಮೇಲೆ ಬರುತ್ತಿತ್ತು. ವೇಟರ್‌ಗೆ ಹೇಳಿದರೆ ಇದು ಸಿಗಾರ್ ಬಾರ್ ಅಲ್ವಾ ಮ್ಯಾಡಮ್ ಅಂದರು. ಸುರಮಯಿ ಮೀನಿನ ಫ್ರೈಗೆ ಪೂರ್ತಿ ದುಡ್ಡು ಕೊಟ್ಟು ಅರ್ಧ ಬಿಟ್ಟು ಎದ್ದು ಬಂದೆವು.

ಕಾರ್ಕಳ ಕೌಂಟರ್

ಅಕ್ಕಾ, ಅವರು ಮಾಡಿದ್ದು ಕಾನೂನಿಗೆ ವಿರುದ್ಧ. ನಿಯಮ ಸ್ಪಷ್ಟವಾಗಿದೆ.

2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗದಲ್ಲಿ ಧೂಮಪಾನ ನಿಷೇಧ. ಹೋಟೆಲ್ ಊಟದ ಹಾಲ್ ಕೂಡ ಅದರಲ್ಲಿ ಬರುತ್ತದೆ. 30 ಅಥವಾ ಅದಕ್ಕಿಂತ ಜಾಸ್ತಿ ಸೀಟ್ ಇರುವ ರೆಸ್ಟೋರೆಂಟ್ ಮಾತ್ರ ಧೂಮಪಾನಕ್ಕೆ ಬೇರೆ ಕೋಣೆ ಇಡಬಹುದು. ಆ ಕೋಣೆಗೆ ನಾಲ್ಕೂ ಕಡೆ ಪೂರ್ತಿ ಎತ್ತರದ ಗೋಡೆ ಬೇಕು. ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಬೇಕು. ಒಳಗಿನ ಗಾಳಿ ನೇರ ಹೊರಗೆ ಹೋಗಬೇಕು, ಎಸಿ ಮೂಲಕ ಹಾಲ್‌ಗೆ ವಾಪಸ್ ಬರಬಾರದು. ಬಾಗಿಲು ತೆಗೆದಾಗ ಹಾಲ್ ಗಾಳಿ ಒಳಗೆ ಹೋಗಬೇಕೇ ಹೊರತು ಹೊಗೆ ಹೊರಗೆ ಬರಬಾರದು, ಅಂಥ ಒತ್ತಡ ಇರಬೇಕು. ಹೋಟೆಲ್‌ನ ಪ್ರವೇಶದ ಹತ್ತಿರ ಆ ಕೋಣೆ ಇರಬಾರದು.

2017ರಲ್ಲಿ ಇನ್ನೊಂದು ತಿದ್ದುಪಡಿ ಬಂತು. ಧೂಮಪಾನದ ಕೋಣೆಯೊಳಗೆ ಯಾವ ಸರ್ವಿಸ್ ಕೂಡ ಮಾಡುವ ಹಾಗಿಲ್ಲ. ಊಟ ಇಲ್ಲ, ಡ್ರಿಂಕ್ಸ್ ಇಲ್ಲ. ಈ ನಿಯಮ ಕೆಲಸದವರ ದೃಷ್ಟಿಯಿಂದ ತುಂಬ ಒಳ್ಳೆಯದು. ಗಿರಾಕಿ ಅಲ್ಲಿ ಒಂದು ಗಂಟೆ ಕೂತು ಎದ್ದು ಹೋಗುತ್ತಾರೆ. ಟ್ರೇ ಹಿಡಿದು ರಾತ್ರಿಯಿಡೀ ಒಳಗೆ ಹೊರಗೆ ಓಡಾಡುವ ಹುಡುಗ ಆ ಹೊಗೆಯನ್ನು ದಿನಾ ಕುಡಿಯಬೇಕಿತ್ತು. ನನ್ನ ಜೊತೆಗಿದ್ದ ಹುಡುಗರ ಕೆಮ್ಮು ನಾನು ಮರೆತಿಲ್ಲ.

ಮುಲುಂಡಿನವರು ಹೇಳಿದ ಜಾಗದಲ್ಲಿ ನಿಯಮ ಪಾಲಿಸುತ್ತಿದ್ದಾರೆ ಅಂತ ಕಾಣುತ್ತದೆ. ಬಾಗಿಲು ತಳ್ಳಿ ಹಿಡಿದು ನಿಲ್ಲಿಸಿದ್ದಾರಾ ನೋಡಿ. ಅದೊಂದು ನೋಡಿದರೆ ಸಾಕು, ಮಾಲೀಕರು ಹೇಗೆ ಅಂತ ಗೊತ್ತಾಗುತ್ತದೆ.

ಮುಲುಂಡಿನವ

ಬಾಗಿಲು ಮುಚ್ಚೇ ಇತ್ತು. ಮೊದಲು ಊಟ, ಅದರ ಜೊತೆ ವಿಸ್ಕಿ, ಎಲ್ಲ ಮುಗಿದ ಮೇಲೆ ಭಾವ ಒಬ್ಬರೇ ಆ ಕೋಣೆಗೆ ಹೋದರು. ಗ್ಲಾಸ್ ತೆಗೆದುಕೊಂಡು ಹೋಗಲು ಬಿಡಲಿಲ್ಲ. ಆಗ ಅವರಿಗೆ ಸ್ವಲ್ಪ ಬೇಜಾರಾಯಿತು. ಈಗ ಕಾರಣ ತಿಳಿಯಿತು. ನಿಯಮದಿಂದಾಗಿ ಊಟಕ್ಕೆ ಅದರದೇ ಸಮಯ ಸಿಕ್ಕಿತು ಅನ್ನುವುದು ನನಗೆ ಇಷ್ಟವಾಯಿತು.

ಪುಣೆ ನಿಪ್ಪಾಣಿ

ನಾನು ನಿಪ್ಪಾಣಿಯವನು, ಪುಣೆಯಲ್ಲಿ ಇದ್ದೇನೆ. ಸಿಗಾರ್ ಮಾತು ಬಂತಲ್ಲ, ನಮ್ಮ ಊರಿನ ಬಗ್ಗೆ ಹೇಳದೆ ಹೋದರೆ ಸಮಾಧಾನ ಇಲ್ಲ.

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹೋಗುವಾಗ ನೀವೆಲ್ಲ ನಮ್ಮ ಊರು ದಾಟಿದ್ದೀರಿ. ಬೀಡಿ ತಂಬಾಕಿಗೆ ಹೆಸರಾದ ಊರು. ಹುಣಸೂರು, ಪಿರಿಯಾಪಟ್ಟಣ ಕಡೆ ಬೆಳೆಯುವುದು ಸಿಗರೇಟಿಗೆ ಹೋಗುವ ತಂಬಾಕು, ಅದನ್ನು ಬ್ಯಾರನ್ ಅನ್ನುವ ಒಣಗಿಸುವ ಮನೆಯಲ್ಲಿ ಬಿಸಿಗಾಳಿಯಿಂದ ಹದ ಮಾಡುತ್ತಾರೆ. ನಮ್ಮದು ಬಿಸಿಲಲ್ಲಿ ಒಣಗುತ್ತದೆ. ಸಿಗಾರ್ ಎಲೆಯ ದಾರಿ ಮೂರನೆಯದು. ನೆರಳಿನ ಕೊಟ್ಟಿಗೆಯಲ್ಲಿ ತೂಗುಹಾಕಿ ಗಾಳಿಗೆ ಒಣಗಿಸುತ್ತಾರೆ. ಆಮೇಲೆ ರಾಶಿ ಹಾಕುತ್ತಾರೆ. ರಾಶಿ ಒಳಗೊಳಗೇ ಬಿಸಿಯಾಗಿ ಹುದುಗುತ್ತದೆ. ಅಮೋನಿಯ ಹೋಗಿ ಒಗರು ತಗ್ಗುತ್ತದೆ. ಕೊನೆಗೆ ಒಳಗೆ ಹೂರಣದ ಎಲೆ, ಅದನ್ನು ಹಿಡಿದಿಡಲು ಒಂದು ಎಲೆ, ಮೇಲೆ ಅಂದವಾದ ತೆಳು ಎಲೆ, ಹೀಗೆ ಮೂರು ಪದರವಾಗಿ ಕೈಯಲ್ಲಿ ಸುತ್ತುತ್ತಾರೆ.

ನಮ್ಮ ಊರಲ್ಲಿ ಹೆಣ್ಣುಮಕ್ಕಳು ತಂಬಾಕು ಕುಟ್ಟುವ, ಜರಡಿ ಹಿಡಿಯುವ ಕೆಲಸ ಮಾಡಿ ಮನೆ ನಡೆಸಿದ್ದಾರೆ. ಆ ಘಾಟಿನಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ಕೂರುತ್ತಿದ್ದರು. 1981ರಲ್ಲಿ ಸರಿಯಾದ ಬೆಲೆ ಕೇಳಿ ರೈತರು ಹೆದ್ದಾರಿಯಲ್ಲೇ ಕೂತರು. ಪೊಲೀಸ್ ಗೋಲಿಬಾರ್ ಆಯಿತು, ರೈತರು ಸತ್ತರು. ನಮ್ಮ ಮನೆಗಳಲ್ಲಿ ಈಗಲೂ ಅದರ ಮಾತು ಬರುತ್ತದೆ. ಮಂದ ದೀಪದ ಕೋಣೆಯಲ್ಲಿ ಕೂತು ಸಿಗಾರ್ ಸೇದುವವರು ಆ ಎಲೆಯ ಹಿಂದೆ ಕೆಲಸ ಮಾಡಿದ ಕೈಗಳನ್ನು ನೆನೆಯಬೇಕು ಅನ್ನುವುದು ನನ್ನ ಆಸೆ.

ಡೊಂಬಿವಲಿ ದಂತವೈದ್ಯೆ

ಆ ಹೆಣ್ಣುಮಕ್ಕಳ ಬಗ್ಗೆ ಬರೆದದ್ದಕ್ಕೆ ಧನ್ಯವಾದ. ಎಲೆ ಮುಟ್ಟಿದ ಕೈಯಿಂದಲೂ ನಿಕೋಟಿನ್ ದೇಹಕ್ಕೆ ಸೇರುತ್ತದೆ, ಒದ್ದೆ ಎಲೆಯಾದರೆ ಇನ್ನೂ ಬೇಗ. ವಾಂತಿ, ತಲೆಸುತ್ತು ಬರುತ್ತದೆ. ಅದನ್ನು ಹಸಿ ತಂಬಾಕಿನ ಕಾಯಿಲೆ ಅನ್ನುತ್ತಾರೆ.

ಪಣಜಿವಾಸಿ

ಗೋವಾದಿಂದ ನಮಸ್ಕಾರ. ಇಲ್ಲಿ 18 ಆದರೆ ಸಾಕು, ತೆರಿಗೆ ಕೂಡ ಕಡಿಮೆ. ಮುಂಬೈಯವರು ವಾರದ ಕೊನೆಗೆ ಬಂದು ಬಾಟಲಿ ರೇಟ್ ನೋಡಿ ಆಶ್ಚರ್ಯ ಪಡುವುದು ದಿನಾ ನೋಡುತ್ತೇನೆ. ಒಯ್ಯಲು ಪರ್ಮಿಟ್ ಬೇಕು ಅನ್ನುವುದು ಮರೆಯಬೇಡಿ.

ಪಾಲ್ ಜಾನ್ ತಯಾರಾಗುವುದು ಕುಂಕಳ್ಳಿಯಲ್ಲಿ, ಮಡಗಾಂವ್ ದಾಟಿ ಕಾರವಾರ ಕಡೆ ಬರುವಾಗ ಸಿಗುತ್ತದೆ. ಕಂಪನಿ ಮಾತ್ರ ಬೆಂಗಳೂರಿನದು. ಸಿಂಗಲ್ ಮಾಲ್ಟ್ ಮೊದಲು ಹೊರಬಂದದ್ದು 2012ರಲ್ಲಿ, ಇಂಗ್ಲೆಂಡಿನಲ್ಲಿ. ಡಿಸ್ಟಿಲರಿ ನೋಡಲು ಬರುವವರಿಗೆ ಸಂದರ್ಶಕರ ಕೇಂದ್ರ ಇದೆ. ತಾಮ್ರದ ಹಂಡೆಗಳನ್ನು ಹತ್ತಿರದಿಂದ ನೋಡಬಹುದು.

ಒಂದು ವಿಷಯ ಹೇಳಲೇಬೇಕು. ನಮ್ಮ ಕಡೆಯ ವಿಸ್ಕಿಗೆ ವಯಸ್ಸು ಕಡಿಮೆ ಅಂತ ಕೆಲವರು ಮೂಗು ಮುರಿಯುತ್ತಾರೆ. ಪೀಪಾಯಿಯಲ್ಲಿ ಇಟ್ಟ ವಿಸ್ಕಿ ಪ್ರತಿ ವರ್ಷ ಸ್ವಲ್ಪ ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ಸುಮಾರು ಶೇ 2. ಬೆಂಗಳೂರಿನ ಹವೆಯಲ್ಲಿ ಶೇ 10ರಿಂದ 12. ಹತ್ತು ವರ್ಷ ಇಟ್ಟರೆ ಪೀಪಾಯಿಯಲ್ಲಿ ಉಳಿಯುವುದು ಅರ್ಧಕ್ಕಿಂತ ಕಡಿಮೆ. ಆದರೆ ಅದೇ ಬಿಸಿಗೆ ವಿಸ್ಕಿ ಮರದ ಒಳಗೆ ಬೇಗ ಇಳಿದು ಬೇಗ ಹದವಾಗುತ್ತದೆ. ಇಲ್ಲಿಯ ಐದು ವರ್ಷವನ್ನು ಅಲ್ಲಿಯ ಐದು ವರ್ಷದ ಜೊತೆ ಹೋಲಿಸುವುದು ನ್ಯಾಯ ಅಲ್ಲ. ಲೇಬಲ್ ಮೇಲಿನ ಸಂಖ್ಯೆ ಬಿಟ್ಟು ಗ್ಲಾಸ್‌ನಲ್ಲಿ ಇರುವುದನ್ನು ನೋಡಿ.

ಠಾಣೆ ರಾಯರು

ಐಸ್ ಹಾಕಬೇಕೋ ಬೇಡವೋ? ನಮ್ಮ ಆಫೀಸಿನಲ್ಲಿ ಒಬ್ಬರು ಐಸ್ ಹಾಕಿದವರನ್ನು ಬೈಯುತ್ತಾರೆ.

ಪಣಜಿವಾಸಿ

ಬೈಯುವುದು ಬೇಡ ರಾಯರೇ, ದುಡ್ಡು ಕೊಟ್ಟವರ ಇಷ್ಟ. ಆದರೆ ಫ್ಯೂಷನ್‌ನಂಥದ್ದರಲ್ಲಿ ಮದ್ಯಸಾರ ಶೇ 50 ಇರುತ್ತದೆ. ಅದಕ್ಕೆ ಕೆಲವು ಹನಿ ನೀರು ಹಾಕಿದರೆ ಘಮ ಬಿಚ್ಚಿಕೊಳ್ಳುತ್ತದೆ. ಸ್ವೀಡನ್‌ನ ಲಿನಿಯಸ್ ವಿಶ್ವವಿದ್ಯಾಲಯದವರು 2017ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದ್ದು ಇದನ್ನೇ. ಹೊಗೆ ರುಚಿ ಕೊಡುವ ಗ್ವಾಯಕೋಲ್ ಅನ್ನುವ ಅಂಶ ಮದ್ಯ ಗಟ್ಟಿಯಾಗಿದ್ದಾಗ ದ್ರವದ ಒಳಗೆ ಅಡಗಿರುತ್ತದೆ, ನೀರು ಸೇರಿದಾಗ ಮೇಲಕ್ಕೆ ಬರುತ್ತದೆ. ಐಸ್ ಹಾಕಿದರೆ ನೀರೂ ಸೇರುತ್ತದೆ, ಆದರೆ ತಣ್ಣಗಾಗಿ ಘಮ ಮಲಗಿಬಿಡುತ್ತದೆ. ಊಟದ ಜೊತೆಗಾದರೆ ಐಸ್ ಇಲ್ಲದ ಸಾದಾ ನೀರೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ವಾಶಿಯವಳು

ನನಗೆ ಒಂದು ವಿಷಯ ಅರ್ಥವಾಗಲಿಲ್ಲ. ಘೀ ರೋಸ್ಟ್ ಅಷ್ಟು ಕೆಂಪಗೆ ಇರುತ್ತದೆ. ಖಾರದ ಜೊತೆ ವಿಸ್ಕಿ ಕುಡಿದರೆ ಬಾಯಿ ಉರಿಯುವುದಿಲ್ವಾ? ನಾನು ಆಂಧ್ರ ಚಿಕನ್ ಜೊತೆ ಪ್ರಯತ್ನ ಮಾಡಿದ್ದೆ. ಯಾವ ರುಚಿಯೂ ಗೊತ್ತಾಗಲಿಲ್ಲ.

ಮುಲುಂಡಿನವ

ಒಳ್ಳೇ ಪ್ರಶ್ನೆ ಅಕ್ಕಾ. ನನಗೂ ಇದೇ ಕುತೂಹಲ ಇತ್ತು. ಅವರ ಅಡುಗೆಯವರನ್ನೇ ಮಾತನಾಡಿಸಿದೆ. ಅವರು ಹೇಳಿದ್ದು ಒಂದೇ ಮಾತು: "ಇದು ಬ್ಯಾಡಗಿ ಮೆಣಸು ಮಾರಾಯ್ರೆ."

ಬ್ಯಾಡಗಿ ಹಾವೇರಿ ಜಿಲ್ಲೆಯದು. ಬಣ್ಣ ಜಾಸ್ತಿ, ಖಾರ ಕಡಿಮೆ. ಘೀ ರೋಸ್ಟ್‌ನ ಕೆಂಪು ಬಣ್ಣ ನೋಡಿ ಹೆದರಬೇಕಾಗಿಲ್ಲ. ಅದರಲ್ಲಿ ಹುಳಿ ಇದೆ, ಬೆಲ್ಲದ ಸಣ್ಣ ಸಿಹಿ ಇದೆ, ತುಪ್ಪ ಇದೆ. ತುಪ್ಪ ನಾಲಿಗೆ ಮೇಲೆ ಒಂದು ಪದರ ಕಟ್ಟುತ್ತದೆ. ಬರ್ಬನ್ (ಅಮೆರಿಕದ ವಿಸ್ಕಿ) ಇಟ್ಟಿದ್ದ ಪೀಪಾಯಿಯಲ್ಲಿ ಮಾಗಿದ ವಿಸ್ಕಿಯಲ್ಲಿ ವೆನಿಲ್ಲಾದಂಥ ಸಿಹಿ ಇರುತ್ತದೆ. ಎರಡೂ ಚೆನ್ನಾಗಿ ಸೇರುತ್ತವೆ. ಜೊತೆಗೆ ನೀರ್ ದೋಸೆ ಇದ್ದರೆ ಬಾಯಿ ಮತ್ತೆ ಮತ್ತೆ ಶುಚಿಯಾಗುತ್ತದೆ, ಮುಂದಿನ ಗುಟುಕು ಹೊಸದಾಗಿ ತಿಳಿಯುತ್ತದೆ.

ಆಂಧ್ರ ಚಿಕನ್‌ಗೆ ಬೀಳುವ ಮೆಣಸು ಬೇರೆ. ಮೆಣಸಿನ ಖಾರ ಮತ್ತು ಮದ್ಯ ಎರಡೂ ನಾಲಿಗೆಯ ಒಂದೇ ನರಸಂವೇದಕವನ್ನು ಕೆಣಕುತ್ತವೆ. ಒಂದರ ಮೇಲೆ ಒಂದು ಬಿದ್ದಾಗ ಉರಿ ಜಾಸ್ತಿ ಆಗುತ್ತದೆ, ರುಚಿ ಕಳೆದುಹೋಗುತ್ತದೆ. ಅಂಥ ಊಟಕ್ಕೆ ಬಿಯರ್ ಅಥವಾ ಮಜ್ಜಿಗೆ ಸಾಕು.

ಮಟನ್ ಸುಕ್ಕ ಇದ್ದರೆ ಶೆರ್ರಿ ವೈನ್ ಪೀಪಾಯಿಯಲ್ಲಿ ಮಾಗಿದ ವಿಸ್ಕಿ ಕೇಳಿ. ಹುರಿದ ತೆಂಗಿನಕಾಯಿ, ಕೊತ್ತಂಬರಿ ಬೀಜದ ಜೊತೆ ಅದರ ಒಣದ್ರಾಕ್ಷಿಯಂಥ ರುಚಿ ತುಂಬ ಹೊಂದುತ್ತದೆ. ಮರ್ವಾಯಿ (ಚಿಪ್ಪುಮೀನು) ಸುಕ್ಕಕ್ಕೆ ಮಾತ್ರ ಪೀಟ್ ಇರುವುದೇ ಬೇಕು. ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ ಹೊಗೆ ವಿಸ್ಕಿಯನ್ನು ಹಸಿ ಆಯ್ಸ್ಟರ್ ಮೇಲೆ ಹನಿಸಿ ತಿನ್ನುತ್ತಾರೆ. ನಮ್ಮ ಮರ್ವಾಯಿ ಅದಕ್ಕಿಂತ ಎಷ್ಟೋ ಮೇಲು ಅಂತ ನಾನು ಎದೆ ತಟ್ಟಿ ಹೇಳುತ್ತೇನೆ.

ಕಾರ್ಕಳ ಕೌಂಟರ್

ಮರ್ವಾಯಿ ಮಾತು ಎತ್ತಿದಿರಿ, ಊರು ನೆನಪಾಯಿತು.

ಠಾಣೆ ರಾಯರು

ಸಿಗಾರ್ ಬಗ್ಗೆ ಯಾರಾದರೂ ಹೇಳಿ. ಅಳಿಯ ದುಬೈನಿಂದ ಒಂದು ಪೆಟ್ಟಿಗೆ ತಂದಿದ್ದಾನೆ, ಕೊಹಿಬಾ ಅಂತೆ. ಮೇಲೆ ಗಾಜಿನ ಮುಚ್ಚಳ, ತುಂಬ ಚೆಂದ ಇದೆ. ಕಬಾಟಿನಲ್ಲಿ ಇಟ್ಟಿದ್ದೇನೆ.

ಕಾರ್ಕಳ ಕೌಂಟರ್

ರಾಯರೇ, ಬೇಜಾರು ಮಾಡಿಕೊಳ್ಳಬೇಡಿ. ಗಾಜಿನ ಮುಚ್ಚಳದ ಕೊಹಿಬಾ ಪೆಟ್ಟಿಗೆ ನಕಲಿ. ಪ್ರವಾಸಿಗಳಿಗೆ ಮಾರುವ ಮಾಲು ಅದು. ಅಸಲಿ ಕ್ಯೂಬಾ ಪೆಟ್ಟಿಗೆಗೆ ಹಸಿರು-ಬಿಳಿ ಗ್ಯಾರಂಟಿ ಚೀಟಿ ಅಂಟಿಸಿರುತ್ತಾರೆ. ನಮ್ಮ ದೇಶದಲ್ಲಿ ಸರಿಯಾದ ದಾರಿಯಿಂದ ಬಂದದ್ದಾದರೆ ಪೆಟ್ಟಿಗೆಯ ಮುಖ್ಯ ಮುಖಗಳ ಶೇ 85 ಭಾಗದಲ್ಲಿ ಆರೋಗ್ಯ ಎಚ್ಚರಿಕೆಯ ಚಿತ್ರ ಮತ್ತು ಬರಹ ಇರಲೇಬೇಕು. ಬಾರ್‌ನಲ್ಲಿ ಸಿಗಾರ್ ಕೊಳ್ಳುವ ಮೊದಲು ಪೆಟ್ಟಿಗೆ ತೋರಿಸಿ ಅಂತ ಕೇಳಿ. ಒಳ್ಳೆಯ ಮಾಲೀಕರು ಸಂತೋಷದಿಂದ ತೋರಿಸುತ್ತಾರೆ.

ಕಬಾಟು ಬೇಡ. ಸಿಗಾರ್‌ಗೆ ಶೇ 65ರಿಂದ 70 ತೇವ, 18ರಿಂದ 21 ಡಿಗ್ರಿ ಬೇಕು. ಮುಂಬೈ ಮಳೆಗಾಲದಲ್ಲಿ ಹೊರಗಿನ ತೇವ 80 ದಾಟುತ್ತದೆ. ಎಲೆ ಉಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ. ಸೆಕೆ ಜಾಸ್ತಿಯಾದರೆ ಎಲೆಯೊಳಗಿನ ತಂಬಾಕು ಹುಳದ ಮೊಟ್ಟೆ ಒಡೆದು ಸೂಜಿ ಚುಚ್ಚಿದ ಹಾಗೆ ತೂತು ಬೀಳುತ್ತದೆ. ಬಾರ್‌ನಲ್ಲಿ ದೇವದಾರು ಹಲಗೆಯ ಹ್ಯೂಮಿಡಾರ್ (ತೇವ ಕಾಯುವ ಸಿಗಾರ್ ಪೆಟ್ಟಿಗೆ) ಇಟ್ಟಿರುವುದು ಅಂದಕ್ಕಲ್ಲ. ಒಳಗಿನ ತೇವಮಾಪಕದ ಮುಳ್ಳು ಎಷ್ಟು ತೋರಿಸುತ್ತಿದೆ ಅಂತ ಒಮ್ಮೆ ನೋಡಿ. ಮುಳ್ಳೇ ಓಡದ ಹ್ಯೂಮಿಡಾರ್ ಇಟ್ಟುಕೊಂಡ ಬಾರ್‌ಗಳೂ ಇವೆ.

ಮುಲುಂಡಿನವ

ಭಾವ ತೆಗೆದುಕೊಂಡದ್ದು ರೊಬಸ್ಟೊ ಅನ್ನುವ ಅಳತೆಯ ಸಿಗಾರ್, ಐದು ಇಂಚಿನದ್ದು. ಅರ್ಧಕ್ಕೆ ನಿಲ್ಲಿಸಿ ಬಂದರು. ಅದನ್ನು ಸಿಗರೇಟಿನ ಹಾಗೆ ಒತ್ತಿ ಆರಿಸಬಾರದಂತೆ. ಸುಮ್ಮನೆ ತಟ್ಟೆಯಲ್ಲಿ ಇಟ್ಟರೆ ತಾನೇ ಆರುತ್ತದೆ, ಘಾಟು ವಾಸನೆ ಬರುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಯಾರಿಗೂ ಕೊಡುವುದಿಲ್ಲ ಅಂತ ಮಾಲೀಕರು ಹೇಳಿದರು. ತಲೆಸುತ್ತಿ ಬೀಳುತ್ತಾರಂತೆ.

ಚೆಂಬೂರು ಹುಡುಗ

ಬಿಲ್ ಬಗ್ಗೆ ಯಾರೂ ಹೇಳಲಿಲ್ಲ. ನನ್ನಂಥವರಿಗೆ ಅದೇ ಮುಖ್ಯ.

ಕಾರ್ಕಳ ಕೌಂಟರ್

ಬಿಲ್‌ನಲ್ಲಿ ಎರಡು ಭಾಗ ಇರುತ್ತದೆ ತಮ್ಮಾ. ಊಟಕ್ಕೆ ಶೇ 5 ಜಿಎಸ್‌ಟಿ. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ರಾಜ್ಯದ ವ್ಯಾಟ್. ಅದು 2023ರ ನವೆಂಬರ್‌ನಲ್ಲಿ 5ರಿಂದ 10ಕ್ಕೆ ಏರಿತು. 2025ರಲ್ಲಿ ಅಬಕಾರಿ ಸುಂಕವೂ ಏರಿತು. ಆ ವರ್ಷ ಜುಲೈ 14ರಂದು ರಾಜ್ಯದ ಬಾರ್‌ಗಳು ಒಂದು ದಿನ ಬಂದ್ ಮಾಡಿದ್ದು ಇದಕ್ಕೇ. ಬಾರ್‌ನವರು ಸುಮ್ಮನೆ ರೇಟ್ ಏರಿಸುತ್ತಾರೆ ಅಂತ ಗಿರಾಕಿಗಳು ಅಂದುಕೊಳ್ಳುತ್ತಾರೆ. ಸಣ್ಣ ಬಾರ್‌ಗಳು ಎಷ್ಟು ಕಷ್ಟದಲ್ಲಿ ನಡೆಯುತ್ತಿವೆ ಅಂತ ಒಳಗಿದ್ದವರಿಗೆ ಗೊತ್ತು.

ಸರ್ವಿಸ್ ಚಾರ್ಜ್ ಹಾಕಿದ್ದರೆ ತೆಗೆಯಿರಿ ಅಂತ ಕೇಳಬಹುದು. ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಅದನ್ನು ಬಲವಂತವಾಗಿ ಹಾಕಬಾರದು ಅಂದಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಆ ದುಡ್ಡನ್ನು ಬಡಿಸಿದ ಹುಡುಗನ ಕೈಗೇ ಕೊಡಿ. ಅಡುಗೆಯವರಿಗೂ ಒಂದು ಪಾಲು ಕೊಡು ಅಂತ ಬಾಯಿಬಿಟ್ಟು ಹೇಳಿ.

ಇನ್ನೊಂದು ಉಪಾಯ. 30 ಮಿಲಿ ಕೇಳಿ. ಒಂದು ಲಾರ್ಜ್ (60 ಮಿಲಿ) ಬದಲು ಎರಡು ಬೇರೆ ಬೇರೆ ವಿಸ್ಕಿಯ ಸಣ್ಣ ಪೆಗ್ ನೋಡಬಹುದು. ಯಾವುದು ಯಾವ ತಿಂಡಿಗೆ ಹೊಂದುತ್ತದೆ ಅಂತ ಆಗಲೇ ಗೊತ್ತಾಗುವುದು.

ವಾಶಿಯವಳು

ಮುಲುಂಡಿನವರೇ, ಬರುವ ಭಾನುವಾರ ನಾವು ಗೆಳತಿಯರು ಬರುತ್ತೇವೆ. ಜಾಗದ ವಿವರ ಮೆಸೇಜ್ ಮಾಡಿ. ಇಬ್ಬರು ಸಸ್ಯಾಹಾರಿಗಳು. ಹೆಂಗಸರೇ ಹೋದರೆ ಸರಿ ಇರುತ್ತದಾ?

ಮುಲುಂಡಿನವ

ಕಳಿಸಿದ್ದೇನೆ ಅಕ್ಕಾ. ಧೈರ್ಯವಾಗಿ ಹೋಗಿ. ನಾವು ಹೋದಾಗ ಎರಡು ಟೇಬಲ್‌ನಲ್ಲಿ ಹೆಂಗಸರೇ ಕೂತಿದ್ದರು, ಒಂದರಲ್ಲಿ ಅಜ್ಜಿ ಕೂಡ ಇದ್ದರು. ಸಿಗಾರ್ ರೂಮ್‌ನಿಂದ ದೂರದ ಗೋಡೆ ಪಕ್ಕದ ಟೇಬಲ್ ಕೇಳಿ. ನೀರ್ ದೋಸೆ ಹಿಟ್ಟು ಬೆಳಿಗ್ಗೆ ಒಂದೇ ಸಲ ರುಬ್ಬುತ್ತಾರೆ, ಭಾನುವಾರ ರಾತ್ರಿ ಒಂಬತ್ತರ ಹೊತ್ತಿಗೆ ಮುಗಿದುಹೋಗುತ್ತದೆ. ಎಷ್ಟು ಜನ ಅಂತ ಶನಿವಾರವೇ ಫೋನ್ ಮಾಡಿ ಹೇಳಿ. ಕಡ್ಲೆ ಮನೋಳಿ ಮೆನುವಿನಲ್ಲಿ ಬರೆದಿಲ್ಲ, ಕೇಳಿದರೆ ಮಾತ್ರ ಮಾಡುತ್ತಾರೆ.

ಕಾರ್ಕಳ ಕೌಂಟರ್

ಮರ್ವಾಯಿ ಬೇಕಿದ್ದರೆ ಅದನ್ನೂ ಶನಿವಾರವೇ ಹೇಳಿ. ಸೋಸಿ ತೊಳೆಯಲು ಹೊತ್ತು ಬೇಕು, ಬಂದು ಕೂತ ಮೇಲೆ ಕೇಳಿದರೆ ಆಗುವುದಿಲ್ಲ.